ಎರಡೇ ಗೇಟಿನ ಪೇನ್ ಫೀಲ್ಡ್

ಸಿಯಾಟಲ್‌ನ ಉತ್ತರಕ್ಕೆ, ಎವರೆಟ್ ಊರಿನ ಅಂಚಿನಲ್ಲಿರುವ ಪೇನ್ ಫೀಲ್ಡ್ ವಿಮಾನ ನಿಲ್ದಾಣದ ಟರ್ಮಿನಲ್‌ಗೆ ಎರಡೇ ಗೇಟು. ಒಳಗೆ ಅಗ್ಗಿಷ್ಟಿಕೆ, ಮೆತ್ತನೆಯ ಕುರ್ಚಿಗಳು, ಗಾಜಿನ ಗೋಡೆ. ಪಕ್ಕದಲ್ಲೇ ಬೋಯಿಂಗ್ ಕಾರ್ಖಾನೆ. ಘನಗಾತ್ರದ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಕಟ್ಟಡ. 1969ರ ಫೆಬ್ರವರಿ 9ರಂದು ಮೊದಲ 747 ವಿಮಾನ ಮೇಲೆದ್ದದ್ದು ಇಲ್ಲಿಂದಲೇ. ಆದರೂ ಊರಿನ ಜನ ಟಿಕೆಟ್ ಕೊಂಡು ಹಾರುವ ಸೇವೆ ಇಲ್ಲಿ ನೆಲೆಯೂರಲು ಮತ್ತೆ ಐವತ್ತು ವರ್ಷ ಹಿಡಿಯಿತು.

ಹಣವೋ ಜಾಗವೋ ಇಲ್ಲದೆ ಆದ ತಡವಲ್ಲ ಇದು. ಆರ್ಥಿಕ ಕುಸಿತದ ಕಾಲದ ಉದ್ಯೋಗ ಯೋಜನೆಯಡಿ 1936ರಲ್ಲಿ ಶುರುವಾದ ಈ ನಿಲ್ದಾಣಕ್ಕೆ, ಎವರೆಟ್‌ನಲ್ಲಿ ಬೆಳೆದ ಅಂಚೆ ವಿಮಾನದ ಪೈಲಟ್ ಟಾಪ್ಲಿಫ್ ಪೇನ್ ಹೆಸರನ್ನು 1941ರಲ್ಲಿ ಇಟ್ಟರು. 1970ರ ದಶಕದ ಕೊನೆಯಲ್ಲಿ ಇಲ್ಲಿನ ಜಿಲ್ಲಾಡಳಿತವಾದ ಸ್ನೊಹೊಮಿಶ್ ಕೌಂಟಿ ಒಂದು ನೀತಿ ರೂಪಿಸಿತು: ಬೋಯಿಂಗ್ ಇರಲಿ, ಸಣ್ಣ ವಿಮಾನಗಳು ಇರಲಿ, ದೊಡ್ಡ ಪ್ರಯಾಣಿಕ ಸೇವೆಗೆ ಮಾತ್ರ ಉತ್ತೇಜನ ಬೇಡ. ಪಕ್ಕದ ಮುಕಿಲ್ಟಿಯೊ ಪಟ್ಟಣದವರು ಅದನ್ನು ಕೊಟ್ಟ ಮಾತೆಂದೇ ನಂಬಿದ್ದರು. ಸದ್ದು, ವಾಹನ ದಟ್ಟಣೆ, ಮನೆಗಳ ಬೆಲೆ ಮುಂದಿಟ್ಟುಕೊಂಡು ಕೋರ್ಟಿನವರೆಗೂ ಹೋದರು. ಅವರ ಆತಂಕ ಸುಳ್ಳೇನಲ್ಲ. ಆದರೆ ಸಿಯಾಟಲ್ ದಾಟಿ, ಐ-5 ಹೆದ್ದಾರಿಯ ಟ್ರಾಫಿಕ್‌ನಲ್ಲಿ ದಕ್ಷಿಣದ ಸೀ-ಟ್ಯಾಕ್ ವಿಮಾನ ನಿಲ್ದಾಣಕ್ಕೆ ಓಡಬೇಕಾದ ಉತ್ತರದವರ ಗೋಳೂ ನಿಜವೇ. 2008ರಲ್ಲಿ ಎಚ್‌ಎಎಲ್ ನಿಲ್ದಾಣದ ಪ್ರಯಾಣಿಕ ಸೇವೆ ನಿಂತು ದೇವನಹಳ್ಳಿಗೆ ಓಡಾಡತೊಡಗಿದ ದಕ್ಷಿಣ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಕು ಎಂದವರೂ ಊರಿನವರೇ, ಬೇಡ ಎಂದವರೂ ಊರಿನವರೇ.

2016ರಲ್ಲಿ ಮೇಲ್ಮನವಿ ನ್ಯಾಯಾಲಯ ವಿರೋಧಿಗಳ ವಾದವನ್ನು ತಳ್ಳಿಹಾಕಿತು. ಪ್ರೊಪೆಲ್ಲರ್ ಏರ್‌ಪೋರ್ಟ್ಸ್ ಎಂಬ ಖಾಸಗಿ ಕಂಪನಿ ಕೌಂಟಿಯ ಜಾಗವನ್ನು ಗುತ್ತಿಗೆಗೆ ಪಡೆದು ಟರ್ಮಿನಲ್ ಕಟ್ಟಿಸಿತು. ಫೆಬ್ರವರಿಯಲ್ಲಿ ಆಗಬೇಕಿದ್ದ ಆರಂಭ ಅಮೆರಿಕ ಸರ್ಕಾರದ ಕಚೇರಿಗಳ ಬಂದ್‌ನಿಂದ ಮುಂದಕ್ಕೆ ಹೋಗಿ, 2019ರ ಮಾರ್ಚ್ 4ರಂದು ಅಲಾಸ್ಕಾ ಏರ್‌ಲೈನ್ಸ್‌ನ ಮೊದಲ ವಿಮಾನ ಪೋರ್ಟ್‌ಲ್ಯಾಂಡ್‌ಗೆ ಹಾರಿತು. ದಿನಕ್ಕೆ 24 ವಿಮಾನಗಳು ಹೊರಡುವ ಯೋಜನೆ: ಅಲಾಸ್ಕಾದ್ದು 18, ಯುನೈಟೆಡ್ ಏರ್‌ಲೈನ್ಸ್‌ನದು 6. ಬಾತೆಲ್‌ನಂಥ ಉಪನಗರಗಳ ಕನ್ನಡ ಕುಟುಂಬಗಳಿಗೂ ಅನುಕೂಲವಾಯಿತು.

ದಶಕಗಳ ಜಗಳ ಗೆದ್ದ ಮಾತ್ರಕ್ಕೆ ವಿಮಾನ ಉಳಿಯುತ್ತದೆಂಬ ಖಾತರಿಯಿಲ್ಲ. ಕೋವಿಡ್ ಬಂದು ಪ್ರಯಾಣಿಕರು ಕರಗಿದರು. 2021ರಲ್ಲಿ ಯುನೈಟೆಡ್ ಗಂಟುಮೂಟೆ ಕಟ್ಟಿತು. ಅಲಾಸ್ಕಾ ಉಳಿಯಿತು.

ನಮ್ಮಲ್ಲೂ ಬೀದರ್, ಕಲಬುರಗಿ, ಶಿವಮೊಗ್ಗಗಳಿಗೆ ನಿಲ್ದಾಣ ಬಂದಿದೆ. ಉಡಾನ್ ಯೋಜನೆಯಡಿ ವಿಮಾನ ಕಂಪನಿಗೆ ಸಿಗುವ ನಷ್ಟಭರ್ತಿ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ವಿಮಾನ ಬೇಕೆಂದು ಮನವಿ ಕೊಟ್ಟ ವರ್ತಕರು, ಸಂಘ ಸಂಸ್ಥೆಗಳು ಈಗ ಸೀಟು ತುಂಬಿಸುವ ಕಡೆಗೂ ಅಷ್ಟೇ ಗಮನ ಕೊಡಲಿ.