ದುರಸ್ತಿಯ ಬಾಗಿಲು ಮತ್ತು ಒಡೆತನದ ಕೀಲಿ

ಮಲಾಡಿನಂಥ ಉಪನಗರದಲ್ಲಿ ಸಂಘದ ಕಚೇರಿಯೆಂದರೆ ಬಹುಮಟ್ಟಿಗೆ ಒಂದು ಕೋಣೆ; ಅದರ ಬೀಗದಕೈ ನಾಲ್ಕಾರು ಜನರಲ್ಲಿ ಓಡಾಡುವಂಥದು. ಸದಸ್ಯರ ಯಾದಿ, ಜಮಾಖರ್ಚು, ಹಳೆಯ ಸಂಚಿಕೆಗಳ ಪ್ರತಿಗಳು ಅಲ್ಲಿನ ಕಂಪ್ಯೂಟರಿನಲ್ಲಿದ್ದರೆ, ಅದರ ಪಾಸ್‌ವರ್ಡ್ ಒಂದೇ ಸಾಕಷ್ಟು ರಕ್ಷಣೆಯೆಂದು ನಾವು ನಂಬಿರುತ್ತೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದೇ ಪ್ರಕೃತ ವಿಚಾರ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಯೂನಿಕ್ಸ್‌ನಲ್ಲಿಯೂ, 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನಲ್ಲಿಯೂ ಸರ್ವಾಧಿಕಾರವುಳ್ಳ ಬಳಕೆದಾರನಿಗೆ ‘ರೂಟ್’ ಎಂದು ಹೆಸರು. ಯಂತ್ರವು ಎಂದಿನಂತೆ ಏಳದಿದ್ದಾಗ ಅದನ್ನು ದುರಸ್ತಿಯ ಸ್ಥಿತಿಯಲ್ಲಿ ಎಬ್ಬಿಸಬಹುದು. ಆಗ ಬೇರೆ ಸೇವೆಗಳು ಹೆಚ್ಚಾಗಿ ನಿದ್ರಿಸುತ್ತಿದ್ದು, ಎದುರಿಗೆ ಕುಳಿತವನಿಗೆ ರೂಟ್‌ನ ಅಧಿಕಾರ ದೊರೆಯುತ್ತದೆ. ಕೆಲವು ವ್ಯವಸ್ಥೆಗಳು ಈ ಹೊಸ್ತಿಲಲ್ಲಿ ರೂಟ್‌ನ ಪಾಸ್‌ವರ್ಡ್ ಕೇಳುತ್ತವೆ. ಉಬುಂಟುವಿನಲ್ಲಾದರೋ ರೂಟ್‌ಗೆ ಮೊದಲಿನಿಂದಲೇ ಪಾಸ್‌ವರ್ಡ್ ಇಲ್ಲ. ಆದುದರಿಂದ ದುರಸ್ತಿಯ ಬಾಗಿಲು ಕೇಳದೆಯೇ ತೆರೆಯುತ್ತದೆ. ಬೇರೆ ಕೆಲವೆಡೆ ಇದಕ್ಕೆ ವಿರುದ್ಧ: ರೂಟ್ ಖಾತೆ ಮುಚ್ಚಿದೆಯೆಂದು ಯಂತ್ರವು ಒಡೆಯನನ್ನೇ ಹೊರಗೆ ನಿಲ್ಲಿಸುತ್ತದೆ.

ಹಾಗಾದರೆ ರೂಟ್‌ಗೊಂದು ಪಾಸ್‌ವರ್ಡ್ ಇಟ್ಟರೆ ಸಾಕೆ? ಸಾಲದು. ಯಂತ್ರವನ್ನೆಬ್ಬಿಸುವ ‘ಗ್ರಬ್’ ಎಂಬ ಕ್ರಮವಿಧಿಯ ಪಟ್ಟಿಯಲ್ಲಿ ‘ಇ’ ಅಕ್ಷರದ ಕೀಲಿಯನ್ನೊತ್ತಿ, ಆರಂಭದ ಆದೇಶಕ್ಕೆ ಒಂದು ಚಿಕ್ಕ ಮಾತು ಸೇರಿಸಿದರೆ, ಆ ಪ್ರಶ್ನೆಯನ್ನೇ ದಾಟಿಹೋಗಬಹುದು. ಆದ್ದರಿಂದ ಗ್ರಬ್‌ಗೂ ಪಾಸ್‌ವರ್ಡ್ ಬೇಕು. ನಿತ್ಯದ ಆರಂಭವನ್ನು ಮಾತ್ರ ಮುಕ್ತವಾಗಿಟ್ಟು, ತಿದ್ದುವಿಕೆಗೂ ದುರಸ್ತಿಗೂ ಅದನ್ನು ಕಡ್ಡಾಯಗೊಳಿಸಬೇಕು. ಬಂದವನು ಪೆನ್‌ಡ್ರೈವ್‌ನಿಂದ ಯಂತ್ರವನ್ನೆಬ್ಬಿಸದಂತೆ ಬಯೋಸ್‌ಗೆ ಇನ್ನೊಂದು ಬೀಗ ಅಗತ್ಯ. ಡಿಸ್ಕನ್ನೇ ಕಳಚಿಕೊಂಡು ಹೋದರೆ ಈ ಬೀಗಗಳೆಲ್ಲ ವ್ಯರ್ಥ. ಅಲ್ಲಿ ಕಾಯುವುದು ಡಿಸ್ಕಿನ ಗೂಢಲಿಪೀಕರಣವೊಂದೇ.

ಆದರೆ ಎಚ್ಚರ ಬೇಕು. ಮರೆತ ರೂಟ್ ಪಾಸ್‌ವರ್ಡನ್ನು ಹೊಸದಾಗಿ ಕೊಡಲು ಉಪಾಯಗಳುಂಟು. ಗೂಢಲಿಪಿಯ ಕೀಲಿಯನ್ನು ಮರೆತರೆ ದಾಖಲೆಗಳೆಲ್ಲವೂ ಹೋದಂತೆಯೇ. ಕಾರ್ಯದರ್ಶಿ ಬದಲಾದ ವರ್ಷ ಕಪಾಟಿನ ಬೀಗದಕೈ ಹುಡುಕಿ ಬಳಲಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಕೀಲಿಪದವನ್ನು ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ಇಬ್ಬರು ಪದಾಧಿಕಾರಿಗಳ ವಶದಲ್ಲಿಡಬೇಕು. ದಾಖಲೆಗಳ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಬೇಕು. ಲಕೋಟೆಯ ಪದದಿಂದ ಯಂತ್ರ ನಿಜವಾಗಿ ತೆರೆಯುವುದೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ಅನ್ಯರನ್ನು ತಡೆಯುವುದು ಭದ್ರತೆಯ ಅರ್ಧ ಮಾತ್ರ; ಅಧಿಕಾರವುಳ್ಳವನು ಆಪತ್ತಿನಲ್ಲಿಯೂ ಒಳಗೆ ಹೋಗಬಲ್ಲನೆಂಬುದು ಉಳಿದರ್ಧ.