ಹೆಸರಿಲ್ಲದ ಪಟ್ಟಿಯ ಮುಂದೆ

ವೈಶಾಖದ ಒಂದು ಸಂಜೆ. ಹೊಸನಗರದಿಂದ ಸಾಗರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ತರುಣನೊಬ್ಬ ಕೈಯಲ್ಲಿದ್ದ ಫೋನನ್ನು ನೋಡುವನು, ಮಡಿಲಲ್ಲಿ ಮಗುಚಿ ಇಡುವನು, ಮತ್ತೆ ಎತ್ತಿ ನೋಡುವನು. ಹಿಂದಿನ ಸೀಟಿನಲ್ಲಿದ್ದ ಹಿರಿಯರೊಬ್ಬರು ಅವನನ್ನು ಗುರುತಿಸಿ, “ಏನಾಯ್ತೋ ಮಾರಾಯ? ಅಹಮದಾಬಾದೋ, ಬೆಂಗ್ಳೂರೋ?” ಎಂದು ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದರು. “ಇನ್ನೂ ಗೊತ್ತಾಗ್ಲಿಲ್ಲ ಮಾವ” ಎಂದ ಹುಡುಗ. ಆ ಮಾತು ಸುಳ್ಳೆಂಬುದು ನನಗೆ ತಿಳಿದಿತ್ತು. ಬೇಡವೆಂದರೂ ಫೋನಿನ ಪರದೆಯ ಮೇಲಿನ ಎರಡು ಸಾಲು ನನ್ನ ಕಣ್ಣಿಗೆ ಬಿದ್ದಿದ್ದವು. ವಿಷಾದ ವ್ಯಕ್ತಪಡಿಸುವ ಸಾಲುಗಳು ಅವು.

ಸಾಗರದಲ್ಲಿ ಇಳಿದ ಬಳಿಕ ಚಹಾ ಕುಡಿಯುತ್ತ ಅವನೇ ಮನಸ್ಸು ಬಿಚ್ಚಿದ. ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಬೆಂಗಳೂರಿನಲ್ಲಿ ಒಂದು ವರ್ಷ ತರಬೇತಿ ಪಡೆದಿದ್ದಾನೆ. ಆ ವರ್ಷದ ಅಡಿಕೆಯ ಹಣ ಬಹುಪಾಲು ಅದಕ್ಕೇ ಹೋಯಿತು. “ಮನೆಗೆ ಹೋಗಿ ಅಪ್ಪಯ್ಯನಿಗೆ ಹೇಗೆ ಹೇಳೋದು?” ಎಂಬುದೊಂದೇ ಅವನ ಪ್ರಶ್ನೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇಂದು ಈ ಪ್ರಶ್ನೆ ಇದೆ. ಆದುದರಿಂದ ಅದನ್ನು ಕುರಿತು ಎರಡು ಮಾತು ಬರೆಯುವುದು ಉಚಿತವೆನಿಸಿತು.

ಮೊದಲು ಈ ಬಾಗಿಲು ಎಷ್ಟು ಕಿರಿದೆಂಬುದನ್ನು ನೋಡೋಣ. ಕಲ್ಕತ್ತೆ ಮತ್ತು ಅಹಮದಾಬಾದುಗಳ ಐಐಎಂಗಳು 1961ರಲ್ಲಿ ಹುಟ್ಟಿದವು, ಬೆಂಗಳೂರಿನದು 1973ರಲ್ಲಿ. ಇಂದು ಅವುಗಳ ಸಂಖ್ಯೆ 20ನ್ನು ಮೀರಿದೆ. ನವೆಂಬರ್ ಕೊನೆಯ ಹೊತ್ತಿಗೆ, ಮಲೆನಾಡಿನ ತೋಟಗಳಲ್ಲಿ ಕೊನೆಕೊಯ್ಲು ನಡೆದಿರುವಾಗ, ‘ಕ್ಯಾಟ್’ ಎಂಬ ಪ್ರವೇಶ ಪರೀಕ್ಷೆ ಬರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸುಮಾರು 3 ಲಕ್ಷ ಮಂದಿ ಅದಕ್ಕೆ ಕುಳಿತಿದ್ದಾರೆ. ಫಲಿತಾಂಶವನ್ನು ಹೇಳುವುದು ಪರ್ಸೆಂಟೈಲ್ ಎಂಬ ಲೆಕ್ಕದಲ್ಲಿ. 95 ಪರ್ಸೆಂಟೈಲ್ ಬಂತೆಂದರೆ 95 ಅಂಕ ಬಂತೆಂದಲ್ಲ; ನೂರರಲ್ಲಿ 95 ಮಂದಿಗಿಂತ ಮುಂದೆ ಇದ್ದಾನೆಂದು ಅರ್ಥ. ಊರಿನಲ್ಲಿ ಇದು ಹಬ್ಬ ಮಾಡುವ ಸುದ್ದಿ. ಆದರೆ 3 ಲಕ್ಷದ ಶೇಕಡಾ 5 ಎಂದರೆ 15,000. ಅಷ್ಟು ಜನ ಅವನಿಗಿಂತ ಮುಂದೆ ನಿಂತಿದ್ದಾರೆ. ಹುಡುಗ ದಡ್ಡನಾದುದರಿಂದ ಸೀಟು ತಪ್ಪಿತೆಂದು ತಿಳಿಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇನ್ನೊಂದು ಸಂಗತಿ. ಆಯ್ಕೆ ಕೇವಲ ಪರೀಕ್ಷೆಯಿಂದ ಆಗುವುದಿಲ್ಲ. ಹತ್ತನೆಯ ತರಗತಿ, ಪಿಯುಸಿ, ಪದವಿಗಳ ಅಂಕಗಳು, ಕೆಲಸದ ಅನುಭವ, ಸಂದರ್ಶನ ಇವುಗಳನ್ನೆಲ್ಲ ಸಂಸ್ಥೆಗಳು ತಮ್ಮ ತಮ್ಮ ತಕ್ಕಡಿಯಲ್ಲಿ ತೂಗುತ್ತವೆ. ಪರೀಕ್ಷೆಯ ಮೂರು ಭಾಗಗಳಲ್ಲಿ ಒಂದು ಪೂರ್ತಿ ಇಂಗ್ಲಿಷ್ ಓದಿಗೆ ಸಂಬಂಧಿಸಿದುದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಈ ಏರು ಹೆಚ್ಚು ಕಡಿದು. ಇದನ್ನು ಹೇಳುವುದು ನೆಪಕ್ಕಾಗಿ ಅಲ್ಲ, ಎಲ್ಲಿ ದುಡಿಯಬೇಕೆಂದು ತಿಳಿಯುವುದಕ್ಕಾಗಿ.

ತಿರಸ್ಕಾರದ ಪತ್ರ ಕಾರಣವನ್ನು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು. ಸಂದರ್ಶನಕ್ಕೇ ಕರೆ ಬರಲಿಲ್ಲವೆ? ಹಾಗಾದರೆ ಕೊರತೆ ಪರೀಕ್ಷೆಯಲ್ಲಿ ಅಥವಾ ಹಳೆಯ ಅಂಕಗಳಲ್ಲಿದೆ. ಹಳೆಯ ಅಂಕಗಳನ್ನು ತಿದ್ದಲಾಗದು. ಅವಕ್ಕೆ ಕಡಿಮೆ ತೂಕ ಕೊಡುವ ಸಂಸ್ಥೆಗಳನ್ನು ಆರಿಸಿಕೊಳ್ಳಬಹುದು. ಸಂದರ್ಶನದ ಬಳಿಕ ಬಿಟ್ಟರೆ ಮಾತು ಪಳಗಬೇಕೆಂದು ಅರ್ಥ. ನಿರೀಕ್ಷಣಾ ಪಟ್ಟಿಯಲ್ಲಿ ಹೆಸರಿದ್ದರೆ ಆಸೆ ಬಿಡಬೇಕಾಗಿಲ್ಲ. ಅದು ಮಳೆಗಾಲ ಹಿಡಿಯುವವರೆಗೂ ಸರಿಯುತ್ತ ಹೋಗುವುದುಂಟು. ಮೀಸಲಾತಿಯವರು ಕಾಗದಪತ್ರವನ್ನು ಪರಿಶೀಲಿಸಬೇಕು: ರಾಜ್ಯದ 2ಎ, 3ಎ ಪ್ರಮಾಣಪತ್ರ ಬೇರೆ, ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆ. ತಾಲ್ಲೂಕು ಕಚೇರಿಯಲ್ಲಿ ಮುಂಚೆಯೇ ವಿಚಾರಿಸದೆ ಕೊನೆಗಳಿಗೆಯಲ್ಲಿ ಪರದಾಡಬಾರದು.

ಈ ಪರೀಕ್ಷೆಗೆ ವಯಸ್ಸಿನ ಮಿತಿಯಿಲ್ಲ, ಎಷ್ಟು ಸಲ ಬರೆಯಬಹುದೆಂಬ ಕಟ್ಟೂ ಇಲ್ಲ. ಆದರೂ ಮನೆಯಲ್ಲಿ ಸುಮ್ಮನೆ ಕುಳಿತು ವರ್ಷದ ಮೇಲೆ ವರ್ಷ ಅದನ್ನೇ ಬರೆಯುವುದು ವಿವೇಕವಲ್ಲ. ಒಂದು ಉದ್ಯೋಗ ಹಿಡಿದು ಓದುವುದು ಮೇಲು. ಅನುಭವವೂ ಮುಂದೆ ಲೆಕ್ಕಕ್ಕೆ ಬರುತ್ತದೆ. ಹಣದ ಮಾತೂ ಇದೆ. ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕವೇ 20 ಲಕ್ಷ ರೂಪಾಯಿಯನ್ನು ಮೀರುತ್ತದೆ. ಇನ್ನೊಂದು ದಾರಿ ರಾಜ್ಯದ ಪಿಜಿಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಯ ಮೂಲಕ ಎಂಬಿಎ ಸೇರಬಹುದು. 1987ರಲ್ಲಿ ಸ್ಥಾಪಿತವಾದ ನಮ್ಮದೇ ಕುವೆಂಪು ವಿಶ್ವವಿದ್ಯಾನಿಲಯ ಶಂಕರಘಟ್ಟದಲ್ಲಿದೆ. ಅಲ್ಲಿಯೂ ಆ ಶಿಕ್ಷಣವುಂಟು.

ದೊಡ್ಡವರ ಕಥೆ ಹೇಳಿ ಸಮಾಧಾನ ಮಾಡುವುದು ಸುಲಭ. ಅಮೆರಿಕದ ವಾರೆನ್ ಬಫೆಟ್‌ರನ್ನು 1950ರಲ್ಲಿ ಹಾರ್ವರ್ಡ್ ವಾಣಿಜ್ಯ ಶಾಲೆ ಸೇರಿಸಿಕೊಳ್ಳಲಿಲ್ಲ. ಅವರು ಕೊಲಂಬಿಯಕ್ಕೆ ಹೋಗಿ, ಅಲ್ಲಿ ಬೆಂಜಮಿನ್ ಗ್ರಹಾಂ ಎಂಬ ಗುರುವನ್ನು ಪಡೆದರು. ಬಿಟ್ಟವರೆಲ್ಲ ಬಫೆಟ್ ಆಗುವುದಿಲ್ಲ, ನಿಜ. ಆದರೆ ಆರಿಸುವವರ ಒಂದು ನೋಟ ಮನುಷ್ಯನ ಕೊನೆಯ ಅಳತೆಯಲ್ಲ ಎಂಬಷ್ಟು ಮಾತ್ರ ಇದರಿಂದ ತಿಳಿಯುತ್ತದೆ. ವರ್ಗೀಸ್ ಕುರಿಯನ್ 1949ರಲ್ಲಿ ಆನಂದಕ್ಕೆ ಬಂದುದು ಮನಸ್ಸಿಲ್ಲದ ಮನಸ್ಸಿನಿಂದ. ಬೇಡವೆಂದು ಬಂದ ಊರಿನಲ್ಲೇ ಅವರು ಹಾಲಿನ ಸಹಕಾರವನ್ನು ಬೆಳೆಸಿ, 1979ರಲ್ಲಿ ಗ್ರಾಮೀಣ ವ್ಯವಸ್ಥಾಪನೆಯ ಸಂಸ್ಥೆಯನ್ನೂ ಕಟ್ಟಿದರು. ಸಹಕಾರ ನಮಗೂ ಹೊಸದಲ್ಲ. ಮ್ಯಾಮ್ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, ಇವೆಲ್ಲ ಬೆಲೆ ಕುಸಿತದ ಭಯವನ್ನು ಕಂಡ ಅಡಿಕೆ ಬೆಳೆಗಾರರು ನೆಚ್ಚಿಕೊಂಡ ಸಂಸ್ಥೆಗಳೇ. ವ್ಯವಹಾರವನ್ನು ಕಲಿಯಲು ಅವೂ ಪಾಠಶಾಲೆಗಳೇ ಸರಿ.

ಇನ್ನು ಮನೆಯವರಿಗೆ ಒಂದು ಮಾತು. ಪಟ್ಟಿಯಲ್ಲಿ ಹೆಸರಿಲ್ಲದ ವಾರದಲ್ಲಿ ಖರ್ಚಿನ ಲೆಕ್ಕವನ್ನು ತೆಗೆಯಬೇಡಿ. ನೆಂಟರ ಮಗನ ಹೆಸರನ್ನು ಎತ್ತಬೇಡಿ. ಹುಡುಗ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಬದುಕೇ ಬೇಡವೆಂಬಂತೆ ಮಾತಾಡಿದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಅವನನ್ನು ಒಂಟಿಯಾಗಿ ಬಿಡದೆ ವೈದ್ಯರಿಗೆ ತೋರಿಸಿ. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416. ಹಗಲಿರುಳೂ ಕರೆಯಬಹುದು, ಹಣ ಕೊಡಬೇಕಾಗಿಲ್ಲ.

ಅಂದು ಆ ಹುಡುಗನಿಗೆ ನಾನು ಕೇಳಿದುದು ಇಷ್ಟೇ: “ಕೊಳೆರೋಗ ಬಂದು ಕೊನೆಯೆಲ್ಲ ಉದುರಿದ ವರ್ಷ ನಿಮ್ಮ ತಂದೆ ಏನು ಮಾಡಿದರು?” ಅವನು ಸ್ವಲ್ಪ ಹೊತ್ತು ಯೋಚಿಸಿ, “ಮರ ಕಡೀಲಿಲ್ಲ. ಮುಂದಿನ ಮಳೆಗೆ ಮುಂಚೆಯೇ ಔಷಧಿ ಹೊಡೆಸಿದ್ರು, ಕೊಟ್ಟೆ ಕಟ್ಟಿಸಿದ್ರು” ಎಂದ. “ಅಂಥವರಿಗೆ ನಿನ್ನ ಸುದ್ದಿ ಅರ್ಥವಾಗುವುದಿಲ್ಲ ಎಂದು ಏಕೆ ತಿಳಿದೆ?” ಎಂದೆ. ಉತ್ತರ ಬರಲಿಲ್ಲ.

ಆಷಾಢದ ಜಡಿಮಳೆಯಲ್ಲಿ ಅದೇ ಬಸ್ಸಿನಲ್ಲಿ ಅವನು ಮತ್ತೆ ಸಿಕ್ಕಿದ. ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ; ಸಂಜೆ ಓದು; ಪಿಜಿಸಿಇಟಿಗೂ ಅರ್ಜಿ ಹಾಕುವ ಯೋಚನೆ. ಅಪ್ಪಯ್ಯನಿಗೆ ಅಂದು ರಾತ್ರಿಯೇ ಹೇಳಿದನಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದ್ಲು ಊಟ ಮಾಡು” ಎಂದರಂತೆ. ಅಷ್ಟರಲ್ಲಿ ಕೊಡೆ ಮಡಿಸುತ್ತ ಆ ಹಿರಿಯರೇ ಬಸ್ಸು ಹತ್ತಿದರು. “ಏನಾಯ್ತೋ ನಿಂದು?” ಎಂದು ಅದೇ ದನಿಯಲ್ಲಿ ಕೇಳಿದರು.

“ಈ ಸಲ ಆಗ್ಲಿಲ್ಲ ಮಾವ” ಎಂದ ಹುಡುಗ, ಸರಿದು ಕುಳಿತು ಅವರಿಗೆ ಜಾಗ ಮಾಡಿಕೊಟ್ಟ.