ಮೋಟಾರು ದುರಸ್ತಿಯೂ ಒಂದು ವಿದ್ಯೆ

ಕಳೆದ ವರ್ಷ ಷಾಣ್ಮಾಸಿಕ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ ನಮ್ಮ ಶಾಲೆಗೆ ಬಂದರು. ಮುಂಬಯಿಯ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ದುಡಿದವರು. ಮಗ ಗಣಿತದಲ್ಲಿ ಅನುತ್ತೀರ್ಣನಾಗಿದ್ದನು. “ಮಾಷ್ಟ್ರೇ, ಇವನಿಗೆ ಓದು ಹತ್ತುವುದಿಲ್ಲ. ಕುರ್ಲಾದಲ್ಲಿ ಪರಿಚಯದವರ ಗ್ಯಾರೇಜು ಇದೆ, ಅಲ್ಲಿಗೆ ಸೇರಿಸಿಬಿಡುತ್ತೇನೆ. ಅದಕ್ಕೆ ಲೆಕ್ಕ ಗಿಕ್ಕ ಬೇಡವಲ್ಲ!” ಎಂದರು. ಹುಡುಗನು ತಲೆ ತಗ್ಗಿಸಿ ನಿಂತಿದ್ದನು.

ದುರಸ್ತಿಯ ಕೆಲಸಕ್ಕೆ ಓದು ಬೇಡವೆಂಬುದು ಒಂದು ತಪ್ಪು ಕಲ್ಪನೆ. ಓದಲಾರದವರಿಗೆ ಮಾತ್ರ ಆ ಕೆಲಸವೆಂಬುದು ಇನ್ನೊಂದು. ಇವು ಆ ತಂದೆಯೊಬ್ಬರವೇ ಅಲ್ಲ, ನಮ್ಮಲ್ಲಿ ಬಹುಮಂದಿಗೆ ಇರತಕ್ಕವು. ಆದುದರಿಂದ ಪ್ರೌಢಶಾಲೆಯಲ್ಲಿ ಮೋಟಾರು ದುರಸ್ತಿಯನ್ನು ಕಲಿಸುವುದೆಂದರೆ ಏನೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ನಮ್ಮ ದೇಶದಲ್ಲಿ ಈ ವಿದ್ಯೆಯು ಬಹುಕಾಲದಿಂದ ಉಸ್ತಾದನಿಂದ ಶಿಷ್ಯನಿಗೆ, ಕೈಯಿಂದ ಕೈಗೆ ಬಂದುದು. ಹುಡುಗನು ಮೊದಲು ಚಹ ತರುತ್ತಾನೆ, ಪಾನಾಗಳನ್ನು ಒರೆಸಿಡುತ್ತಾನೆ, ಗಾಲಿ ಬಿಚ್ಚುತ್ತಾನೆ. ವರ್ಷಗಳು ಕಳೆದ ಮೇಲೆ ಎಂಜಿನ್ನಿಗೆ ಕೈಹಾಕುತ್ತಾನೆ. ಈ ಪದ್ಧತಿಯನ್ನು ಹಳಿಯಲಾಗದು. ೨೦೨೩ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗಳು ದಶಕಗಳ ಕಾಲ ಓಡಿದುದು ಇಂಥ ಉಸ್ತಾದರ ಕೈಚಳಕದಿಂದಲೇ. ಕಾರ್ಬ್ಯುರೇಟರಿನ ತಿರುಪನ್ನು ಎಷ್ಟು ತಿರುಗಿಸಬೇಕೆಂಬುದನ್ನು ಅವರು ಎಂಜಿನ್ನಿನ ಸದ್ದಿನಿಂದಲೇ ಅರಿಯುತ್ತಿದ್ದರು. ಆದರೆ ಅಲ್ಲಿ ಶಿಷ್ಯನಿಗೆ ‘ಹೇಗೆ’ ಎಂಬುದು ದೊರೆಯುತ್ತದೆ. ‘ಏಕೆ’ ಎಂಬುದು ದೊರೆಯುವುದು ಅಪರೂಪ. ಅದನ್ನು ಕೂಡಿಸುವುದೇ ಶಾಲೆಯ ಕೆಲಸ.

ಬ್ರೇಕನ್ನೇ ತೆಗೆದುಕೊಳ್ಳಿರಿ. ಚಾಲಕನು ಪೆಡಲನ್ನು ಒತ್ತಿದಾಗ ಕೊಳವೆಗಳಲ್ಲಿ ತುಂಬಿರುವ ದ್ರವವು ಆ ಒತ್ತಡವನ್ನು ನಾಲ್ಕೂ ಗಾಲಿಗಳಿಗೆ ಮುಟ್ಟಿಸುತ್ತದೆ. ಇದು ಪಾಸ್ಕಲನ ನಿಯಮ. ದ್ರವವು ಕುಗ್ಗುವುದಿಲ್ಲವೆಂದೇ ಹೇಳಬಹುದು. ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ಆದುದರಿಂದ ಕೊಳವೆಯಲ್ಲಿ ಗಾಳಿಯ ಗುಳ್ಳೆ ಸೇರಿದರೆ ಪೆಡಲು ಮೆತ್ತಗಾಗಿ ಒಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಇಷ್ಟೇ ಅಲ್ಲ, ಬ್ರೇಕಿನ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವುಂಟು. ‘ಡಾಟ್ ೩’ ಎಂಬ ದರ್ಜೆಯ ಹೊಸ ದ್ರವವು ೨೦೫ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಕುದಿಯಬಾರದೆಂದು ನಿಯಮವಿದೆ; ತೇವ ಹೀರಿದ ದ್ರವಕ್ಕೆ ಈ ಮಿತಿ ಕೇವಲ ೧೪೦ ಡಿಗ್ರಿ. ಖಂಡಾಲಾ ಘಾಟಿಯನ್ನು ಇಳಿಯುವಾಗ ಪದೇ ಪದೇ ಬ್ರೇಕು ಒತ್ತಿದರೆ ಗಾಲಿಯ ಬಳಿ ಕಾವೇರಿ, ಹಳೆಯ ದ್ರವವು ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆ ಕುಗ್ಗುವುದಷ್ಟೆ! ದ್ರವವನ್ನು ಕಾಲಕಾಲಕ್ಕೆ ಬದಲಾಯಿಸಬೇಕೆಂದು ಉಸ್ತಾದನು ಹೇಳುವುದರ ಕಾರಣ ಇದು. ಕಾರಣವನ್ನರಿತವನು ಆ ಕೆಲಸವನ್ನು ಎಂದಿಗೂ ಅಲಕ್ಷಿಸನು.

ಇನ್ನು ಗಣಿತ. ಚಿಕ್ಕ ಕಾರಿನ ಗಾಲಿಯ ನಟ್ಟನ್ನು ಸುಮಾರು ೧೦೦ ನ್ಯೂಟನ್-ಮೀಟರಿನಷ್ಟು ಬಿಗಿಯಬೇಕೆನ್ನೋಣ. ಪಾನಾದ ಉದ್ದ ೨೫ ಸೆಂಟಿಮೀಟರು, ಎಂದರೆ ಕಾಲು ಮೀಟರು. ಹಾಗಾದರೆ ತುದಿಯಲ್ಲಿ ೪೦೦ ನ್ಯೂಟನ್, ಅಂದರೆ ಸುಮಾರು ೪೦ ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಪಾನಾದ ಉದ್ದ ಇಮ್ಮಡಿಯಾದರೆ ಬಲ ಅರ್ಧ ಸಾಕು. ಬಿಗಿ ಕಡಿಮೆಯಾದರೆ ಗಾಲಿ ಕಳಚೀತು, ಹೆಚ್ಚಾದರೆ ಬೋಲ್ಟು ತುಂಡಾದೀತು. ನಡುವೆ ನಿಂತು ಕಾಯುವುದು ಒಂದು ಗುಣಾಕಾರ!

ಶಾಲೆಯ ಕಾರ್ಯಾಗಾರದಲ್ಲಿ ಮೊದಲ ಪಾಠ ಸುರಕ್ಷತೆಯದು. ಕೇವಲ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಕೂಡದು. ಕೆಳಗೆ ಗಟ್ಟಿ ಆಧಾರಗಳನ್ನು ಇಟ್ಟಿರಬೇಕು. ಬ್ಯಾಟರಿಯನ್ನು ಬಿಚ್ಚುವಾಗ ಋಣಧ್ರುವದ ತಂತಿಯನ್ನು ಮೊದಲು ತೆಗೆಯಬೇಕು. ಗಾಡಿಯ ಮೈಯೆಲ್ಲವೂ ಋಣಧ್ರುವಕ್ಕೆ ಕೂಡಿರುವುದರಿಂದ, ಧನಧ್ರುವವನ್ನು ಬಿಚ್ಚುವ ಪಾನಾ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಅಷ್ಟು ಕಿಡಿಯೇ ಸಾಕು.

ಕಾಲವೂ ಬದಲಾಗಿದೆ. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ ನಿಯಮಗಳ ಅನಂತರ ಮಾರಾಟವಾದ ವಾಹನಗಳಲ್ಲಿ ಇಂಧನದ ಅಳತೆಯನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ. ದೋಷವೆಲ್ಲಿದೆಯೆಂಬುದನ್ನು ಸಂಕೇತಗಳ ಮೂಲಕ ಓದಬೇಕು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟುಗಳು ಹರಿಯುತ್ತವೆ; ಅಲ್ಲಿ ಅಜ್ಞಾನವೆಂದರೆ ಮರಣ. ಕಿವಿಯ ಅನುಭವವೊಂದೇ ಇನ್ನು ಸಾಲದು.

ಈ ಶಿಕ್ಷಣದ ವಿಚಾರ ನಮ್ಮಲ್ಲಿ ಹೊಸತಲ್ಲ. ೧೯೫೨-೫೩ರ ಮುದಲಿಯಾರ್ ಆಯೋಗವು ವಿವಿಧೋದ್ದೇಶ ಪ್ರೌಢಶಾಲೆಗಳನ್ನೂ, ೧೯೬೪-೬೬ರ ಕೊಠಾರಿ ಆಯೋಗವು ಕಾರ್ಯಾನುಭವವನ್ನೂ ಸೂಚಿಸಿದುವು; ಆದರೆ ಅವು ಎಣಿಸಿದಷ್ಟು ಬೇರೂರಲಿಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮತ್ತೆ ಇದಕ್ಕೆ ಒತ್ತು ಕೊಟ್ಟಿದೆ. ಕೇಂದ್ರೀಯ ಮಂಡಳಿಯ ಒಂಬತ್ತು-ಹತ್ತನೆಯ ತರಗತಿಗಳಲ್ಲಿ ‘ಆಟೋಮೋಟಿವ್’ ಎಂಬ ಐಚ್ಛಿಕ ವಿಷಯವಿದ್ದು, ಅದರಲ್ಲಿ ೫೦ ಅಂಕಗಳು ಬರಹಕ್ಕೆ, ೫೦ ಅಂಕಗಳು ಪ್ರಯೋಗಕ್ಕೆ. ಮುಂದೆ ಐ.ಟಿ.ಐ.ಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಎರಡು ವರ್ಷ. ಆದರೆ ಅದಕ್ಕೆ ಸೇರಲು ವಿಜ್ಞಾನ ಮತ್ತು ಗಣಿತಗಳೊಡನೆ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿರಬೇಕು!

ಈ ಶಿಕ್ಷಣಕ್ಕೆ ದೊಡ್ಡ ಶತ್ರು ನಮ್ಮ ಮನೋಭಾವವೇ. ಹಿಂದುಳಿದವರನ್ನು ತಳ್ಳುವ ಮೂಲೆಯೆಂದು ಕಾರ್ಯಾಗಾರವನ್ನು ಬಗೆದರೆ ಅಲ್ಲಿಗೆ ಹೋದ ಹುಡುಗನು ತನ್ನನ್ನು ತಾನೇ ಕೀಳೆಂದು ಭಾವಿಸುತ್ತಾನೆ. ಹೆಣ್ಣುಮಕ್ಕಳಿಗೆ ಇದು ಸಲ್ಲದೆಂಬುದೂ ಅಂಥದೇ ಮೌಢ್ಯ. ದೋಷವನ್ನು ಹುಡುಕುವುದಕ್ಕೆ ತೋಳ್ಬಲಕ್ಕಿಂತ ಸಹನೆ, ವಿವೇಚನೆಗಳು ಹೆಚ್ಚು ಬೇಕು.

ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಹಿಂಜರಿಯಬೇಕಾಗಿಲ್ಲ. ಪಿಸ್ಟನ್, ಕ್ಲಚ್, ಗೇರ್ ಎಂಬ ಹೆಸರುಗಳು ಎಲ್ಲರಿಗೂ ಹೊರಗಿನವೇ. ಒತ್ತಡ, ಬಲ, ಶಾಖಗಳ ತತ್ತ್ವವನ್ನು ತಾಯ್ನುಡಿಯಲ್ಲಿ ಅರಿತವನಿಗೆ ಹೆಸರುಗಳನ್ನು ಕಲಿಯಲು ತಿಂಗಳೊಂದು ಸಾಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ ಈ ನಗರಕ್ಕೆ ಬಂದ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಆ ತಂದೆಗೆ ಅಂದು ನಾನು ಪಾನಾದ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆನು. “ಹಾಗಾದರೆ ಅದಕ್ಕೂ ಲೆಕ್ಕ ಬೇಕೇ?” ಎಂದು ಅವರು ಬಹಳ ಹೊತ್ತು ಸುಮ್ಮನಿದ್ದು, ಮಗನನ್ನು ತರಗತಿಗೆ ಕಳುಹಿಸಿ ಹೊರಟುಹೋದರು. ಹುಡುಗನು ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಗಣಿತದಲ್ಲಿ ಇನ್ನೂ ಮುಂದುವರಿಯಬೇಕಾಗಿದೆ, ಆದರೆ ಪಾಠದ ನಡುವೆ ಎದ್ದು ನಿಂತು “ಏಕೆ, ಸರ್?” ಎಂದು ಕೇಳುತ್ತಾನೆ.